ಬಟ್ಟೆ ಬೇಡ, ಒಲೆ ಮತ್ತು ಮಗ್ಗ ಕೊಡಿಸಿ

ಅಜರ್‌ಬೈಜಾನ್‌ನ ಗುಡ್ಡಗಾಡು ಪ್ರದೇಶ ನಾಗೋರ್ನೊ ಕರಾಬಾಖ್‌ನಿಂದ ಬಂದ ಅರ್ಮೇನಿಯನ್ ಕುಟುಂಬಗಳಿಗೆ ಹಳೆ ಬಟ್ಟೆ ಕಳಿಸಲೇ, ಅವರ ಸಂಸ್ಕೃತಿ ಉಳಿಸಲು ಏನು ಮಾಡಲಿ ಎಂದು ಕೇಳಿದ್ದೀರಿ. ಬಟ್ಟೆ ಬೇಡ, ಹಣವನ್ನೇ ಕಳಿಸಿ. 2023ರ ಸೆಪ್ಟೆಂಬರ್ ಕೊನೆಯಲ್ಲಿ, ಅಜರ್‌ಬೈಜಾನ್ ಸೇನೆ ಆ ಪ್ರದೇಶವನ್ನು ಹಿಡಿದ ಮೇಲೆ, ಹೆಚ್ಚುಕಡಿಮೆ ಒಂದೇ ವಾರದಲ್ಲಿ, 1 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಅರ್ಮೇನಿಯಾ ಸೇರಿದರು. ಅವರಿಗೆ ಬೇಕಿರುವುದು ಬಾಡಿಗೆ ಮತ್ತು ಕೆಲಸ.

ಕರಾಬಾಖ್‌ನ ಶೂಶಿ ಪಟ್ಟಣದ ವಸ್ತುಸಂಗ್ರಹಾಲಯದ ಒಂದಷ್ಟು ರತ್ನಗಂಬಳಿಗಳನ್ನು ಅಜರ್‌ಬೈಜಾನ್ ಜತೆಗಿನ 2020ರ ಯುದ್ಧದ ನಡುವೆಯೇ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ ಸಾಗಿಸಿದ್ದರು. ಆದರೆ ಮಠಗಳನ್ನು, ಖಾಚ್ಕಾರ್ ಎಂಬ ಕಲ್ಲಿನ ಶಿಲುಬೆಗಳನ್ನು ಹೊತ್ತು ತರಲಾದೀತೇ? ಜತೆಗೆ ಬಂದದ್ದು ಕೈಯಲ್ಲಿ, ನಾಲಿಗೆಯಲ್ಲಿ ಇದ್ದದ್ದು: ಅಜ್ಜಿಯರ ಆಡುನುಡಿ, ನೇಯ್ಗೆ, ಬಗೆಬಗೆಯ ಸೊಪ್ಪು ಹೆಚ್ಚಿ ತುಂಬಿ ಬೇಯಿಸುವ ಝಿಂಗ್ಯಾಲೋವ್ ಹಾತ್ಸ್ ರೊಟ್ಟಿ. ರೊಟ್ಟಿ ಮಾರುವ ಹೆಂಗಸಿಗೆ ಒಲೆ, ನೇಯುವವರಿಗೆ ಮಗ್ಗ ಕೊಡಿಸುವ ಸಂಸ್ಥೆ ಹುಡುಕಿ. ಅಜ್ಜಿಯರ ಮಾತು ಧ್ವನಿಮುದ್ರಿಸುವವರಿಗೂ ನೆರವಾಗಿ. ಆ ಕೆಲಸಕ್ಕೆ ಕಾಯುವಷ್ಟು ಸಮಯವಿಲ್ಲ.