ಕಾರಣ ತಿಳಿದ ಮೇಲೆ ಭಯ ಎಲ್ಲಿ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು 1981ರ ‘ಹ್ಯಾಲೋವೀನ್ 2’ ಹಾರರ್ ಚಿತ್ರವನ್ನು ಮೆಚ್ಚಿ ಬರೆದದ್ದು ನಿಮಗೆ ಹಿಡಿಸಿಲ್ಲ. ಬರೀ ರಕ್ತ, ಇರುವ ಒಂದೇ ಒಳ್ಳೆಯ ತಿರುವು ಅಂದರೆ ನಾಯಕಿ ಲೋರಿ ಕೊಲೆಗಾರ ಮೈಕಲ್‌ನ ತಂಗಿ ಅನ್ನೋದು ಎಂದಿದ್ದೀರಿ. ರಕ್ತದ ಮಾತು ಒಪ್ಪುತ್ತೇನೆ. ತಂಗಿಯ ಮಾತು ಒಪ್ಪಲಾರೆ.

1978ರ ಮೊದಲ ಚಿತ್ರದಲ್ಲಿ ಮೈಕಲ್ ಲೋರಿಯ ಬೆನ್ನು ಹತ್ತಿದ್ದು ಯಾಕೆ? ಅವನ ಹಳೇ ಮನೆಯ ಬಾಗಿಲಿಗೆ ಬಂದಳು, ಕಣ್ಣಿಗೆ ಬಿದ್ದಳು, ಅಷ್ಟೇ. ಅವಳ ಜಾಗದಲ್ಲಿ ಯಾರು ಬೇಕಾದರೂ ಇರಬಹುದಿತ್ತು. ಭಯ ಇರೋದೇ ಅಲ್ಲಿ, ಅಲ್ವಾ? ತಂಗಿ ಅಂದ ಕೂಡಲೇ ಅದು ಅವರ ಮನೆಯ ವಿಷಯವಾಗಿಬಿಡುತ್ತದೆ. ನಾವು ನಿಶ್ಚಿಂತೆಯಿಂದ ಕೂರಬಹುದು. ಇದನ್ನು ಬರೆದವರು ಮೊದಲ ಚಿತ್ರವನ್ನೂ ಬರೆದ ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಅನ್ನೋದು ಇನ್ನೂ ಬೇಸರದ ಸಂಗತಿ. 2018ರ ‘ಹ್ಯಾಲೋವೀನ್’ ಈ ಸಂಬಂಧವನ್ನೇ ಕೈಬಿಟ್ಟಿತು. ಒಳ್ಳೆಯದೇ ಆಯಿತು.

ಕುದಿಯುವ ನೀರಿನ ತೊಟ್ಟಿಯಲ್ಲಿ ನರ್ಸ್ ಮುಖವನ್ನು ಮತ್ತೆ ಮತ್ತೆ ಅದ್ದುವ ದೃಶ್ಯ ನನಗೂ ಜಾಸ್ತಿ ಅನಿಸಿತು. ಹೇಸಿಗೆಯಾಗುತ್ತದೆ, ಹೆದರಿಕೆಯಾಗುವುದಿಲ್ಲ. ಲೋರಿಯಾಗಿ ನಟಿಸಿದ ಜೇಮಿ ಲೀ ಕರ್ಟಿಸ್‌ರಂಥ ನಟಿಯನ್ನು ಅಷ್ಟು ಹೊತ್ತು ಹಾಸಿಗೆ ಮೇಲೆ ಸುಮ್ನೆ ಮಲಗಿಸಿದ್ದೂ ತಪ್ಪೇ.

ಆದರೂ ಕತೆ ನಡೆಯುವ ಆ ಆಸ್ಪತ್ರೆಯನ್ನು ಮರೆಯೋಕಾಗುತ್ತಾ? ನಿರ್ದೇಶಕರು ಹೊಸಬರು, ರಿಕ್ ರೋಸೆಂತಾಲ್. ಕ್ಯಾಮೆರಾ ಮಾತ್ರ ಮೊದಲಿನಂತೆ ಡೀನ್ ಕಂಡಿ ಅವರದು. ಹಾಗಾಗಿ ಕತ್ತಲೆಗೆ ಅದೇ ಹಳೇ ಕಸುವಿದೆ. ಉದ್ದನೆಯ ಖಾಲಿ ಕಾರಿಡಾರ್, ಅರ್ಧ ಆರಿದ ದೀಪಗಳು. ನರ್ಸ್ ಒಬ್ಬಳ ಬೆನ್ನಿಗೆ ಚುಚ್ಚಿದ ಶಸ್ತ್ರಚಿಕಿತ್ಸೆಯ ಚಾಕುವಿನಲ್ಲೇ ಮೈಕಲ್ ಅವಳನ್ನು ಮೇಲೆತ್ತುತ್ತಾನೆ. ಅವಳ ಕಾಲಿನಿಂದ ಶೂ ಕಳಚಿ ಬೀಳುತ್ತವೆ. ಅಲ್ಲಿ ಎದೆ ನಡುಗಿಸೋದು ರಕ್ತವಲ್ಲ, ಆ ಶೂಗಳು. ಮುಂದೆ ಲೋರಿ ಕುಂಟುತ್ತಾ ಲಿಫ್ಟ್ ಸೇರಿಕೊಳ್ಳುತ್ತಾಳೆ. ಬಾಗಿಲು ಮುಚ್ಚಿಕೊಳ್ಳುತ್ತಿಲ್ಲ. ಅತ್ತ ಮೈಕಲ್ ಓಡಿ ಬರುವುದಿಲ್ಲ, ನಡೆದೇ ಬರುತ್ತಾನೆ. ಓಡಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಅವನು ಅಣ್ಣನೋ ಅಲ್ಲವೋ ಅನ್ನೋದು ಆ ಹೊತ್ತಿಗೆ ಯಾರ ತಲೆಗೂ ಬರುವುದಿಲ್ಲ. ನಾವು ಮೆಚ್ಚಿದ್ದು ಈ ಚಿತ್ರವನ್ನು.

ಮೊದಲ ಭಾಗ ನೋಡದ ಗೆಳೆಯರಿಗೆ ಇದನ್ನು ತೋರಿಸಬಹುದಾ ಎಂದೂ ಕೇಳಿದ್ದೀರಿ. ಬೇಡ. ಸಾಧ್ಯವಾದರೆ ಎರಡನ್ನೂ ಒಂದೇ ರಾತ್ರಿ ತೋರಿಸಿ. ಮೊದಲನೆಯದು ಮುಗಿದ ಅದೇ ರಾತ್ರಿಯಲ್ಲೇ ಎರಡನೆಯದು ಮುಂದುವರಿಯುತ್ತದೆ. ನಡುವೆ ಒಂದು ವಾರ ಬಿಟ್ಟರೂ ಆ ಬಿಗಿ ಸಡಿಲವಾಗುತ್ತದೆ.

– ಸಂಪಾದಕ