ಅಂಗಳದ ತಂಗಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿಸಿಲಿಗೆ ಒಗ್ಗುವ ದೇಸಿ ಹೂಗಿಡಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಾಗ ತಂಗಡಿಯನ್ನು, ಅಂದರೆ ಆವರಿಕೆಯನ್ನು, ಒಂದೇ ವಾಕ್ಯದಲ್ಲಿ ಹೆಸರಿಸಿ ಮುಂದೆ ಹೋಗಿದ್ದೆವು. ಅದು ಸಾಲದೆಂದು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಆಯ್ದ ಪ್ರಶ್ನೆಗಳು ಇಲ್ಲಿವೆ.

ರಸ್ತೆ ಬದಿಯ ತಂಗಡಿಯಿಂದ ಒಣಗಿದ ಕಾಯಿ ತಂದು, ಬೀಜ ಬಿಡಿಸಿ ಕುಂಡದಲ್ಲಿ ಹಾಕಿ, ತಪ್ಪದೆ ನೀರುಣಿಸಿದೆ. ತಿಂಗಳಾದರೂ ಒಂದೆರಡನ್ನು ಬಿಟ್ಟರೆ ಯಾವುದೂ ಮೊಳೆಯಲಿಲ್ಲ. ಬೀಜ ಕೆಟ್ಟಿತ್ತೇ? ಬಯಲಿನ ಗಿಡವನ್ನೇ ಕಿತ್ತು ತಂದು ನೆಡಬಹುದೇ? (ಸೇಡಂ)

ಬೀಜ ಕೆಟ್ಟಿರಲಾರದು, ಅದರೊಳಗೆ ನೀರು ಇಳಿದಿರಲಾರದು. ತಂಗಡಿಯ ಬೀಜದ ಹೊರಸಿಪ್ಪೆ ಬಹಳ ಗಟ್ಟಿಯಾಗಿದ್ದು, ಆ ಸಿಪ್ಪೆ ಎಲ್ಲಾದರೂ ಸವೆಯುವವರೆಗೆ ಅಥವಾ ಬಿರಿಯುವವರೆಗೆ ನೀರನ್ನು ಒಳಗೆ ಬಿಡುವುದಿಲ್ಲ. ಅಕಾಲದಲ್ಲಿ ಬಿದ್ದ ಒಂದು ಮಳೆಗೆ ಎಲ್ಲ ಬೀಜಗಳೂ ಒಟ್ಟಿಗೆ ಮೊಳೆತು, ಮರುವಾರದ ಬಿಸಿಲಿಗೆ ಒಟ್ಟಿಗೆ ಒಣಗಿಹೋಗದಂತೆ ಈ ಗುಣ ಗಿಡದ ಸಂತತಿಯನ್ನು ಕಾಯುತ್ತದೆ. ಕುಂಡದಲ್ಲಿ ಬೆಳೆಸುವವರಿಗೆ ಮಾತ್ರ ಅದೇ ತೊಡಕಾಗುತ್ತದೆ.

ಕಾಯಿಗಳು ಕಂದುಬಣ್ಣಕ್ಕೆ ತಿರುಗಿ, ಕಾಗದದಂತೆ ತೆಳುವಾಗಿ ಒಣಗಿದ ಮೇಲೆಯೇ ಅವುಗಳನ್ನು ಕೊಯ್ಯಿರಿ. ಬಿಡಿಸಿದ ಬೀಜಗಳಲ್ಲಿ ದುಂಡನೆಯ ರಂಧ್ರವಿರುವವನ್ನು ಆರಿಸಿ ಎಸೆಯಿರಿ. ಅವುಗಳ ತಿರುಳನ್ನು ಹುಳು ಆಗಲೇ ತಿಂದು ಮುಗಿಸಿರುತ್ತದೆ. ಉಳಿದವನ್ನು, ಕುದಿದ ನೀರನ್ನು ಒಲೆಯಿಂದ ಇಳಿಸಿ ಕುದಿತ ನಿಂತ ಮೇಲೆ ಅದರಲ್ಲಿ ಹಾಕಿ, ನೀರು ತಾನಾಗಿ ಆರುವಂತೆ ರಾತ್ರಿಯಿಡೀ ಬಿಡಿ. ಒಲೆಯ ಮೇಲಿಟ್ಟು ಕುದಿಸಿದರೆ ಬೀಜ ಬೆಂದುಹೋಗುತ್ತದೆ. ಬೆಳಿಗ್ಗೆ ಉಬ್ಬಿರುವ ಬೀಜಗಳನ್ನು ಆಯ್ದು ಅಂದೇ ಬಿತ್ತಬೇಕು. ಉಬ್ಬದವಕ್ಕೆ ಇನ್ನೊಮ್ಮೆ ಬಿಸಿನೀರು ಕೊಡಬಹುದು, ಅಥವಾ ಉಪ್ಪುಕಾಗದದಿಂದ ಸಿಪ್ಪೆಯ ಒಂದು ಬದಿಯನ್ನು ಬಿಳಿ ಕಾಣುವಷ್ಟು ಉಜ್ಜಬಹುದು. ಉಜ್ಜುವಾಗ ಮೊಳಕೆ ಹೊರಡುವ ಮೂತಿಯ ಕಡೆಗೆ ಹೋಗಬಾರದು. ಬಿತ್ತನೆಯ ಆಳ 1 ಸೆಂಟಿಮೀಟರ್ ಸಾಕು.

ಕಿತ್ತು ತರುವ ವಿಚಾರವನ್ನು ಬಿಡುವುದೇ ಒಳ್ಳೆಯದು. ಮೇಲೆ ಗೇಣುದ್ದವಿರುವ ಸಸಿಯ ತಾಯಿಬೇರು ಕೂಡ ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಕೀಳುವಾಗ ಅದು ತುಂಡಾದರೆ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಇದೇ ಕಾರಣಕ್ಕೆ ಪಾಲಿಥೀನ್ ಚೀಲದಲ್ಲಿ ಸಸಿಯನ್ನು ಹೆಚ್ಚು ಕಾಲ ಇಟ್ಟರೆ ಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ. ಮುಂಗಾರಿನ ಮೊದಲ ಒಳ್ಳೆಯ ಮಳೆಯ ಹಿಂದೆಯೇ, ಗಿಡ ನಿಲ್ಲಬೇಕಾದ ಜಾಗದಲ್ಲಿಯೇ ಮೂರ್ನಾಲ್ಕು ಬೀಜ ಊರಿ, ಬಲವಾದ ಒಂದನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ.

ನಮ್ಮದು ಅಪ್ಪಟ ಎರೆಮಣ್ಣು. ಬೇಸಿಗೆಯನ್ನು ದಾಟಿದ ಗಿಡಗಳು ಮಳೆಗಾಲದಲ್ಲಿ ಹಳದಿಯಾಗಿ, ಎಲೆ ಉದುರಿಸಿ ಸತ್ತವು. ಬರಕ್ಕೆ ಸಾಯದ ಗಿಡ ಮಳೆಗೆ ಸಾಯುವುದೆಂದರೇನು? (ಜೇವರ್ಗಿ)

ಈ ಪ್ರಶ್ನೆಯೇ ಈ ಗಿಡದ ಆರೈಕೆಯ ತಿರುಳು. ಹುಟ್ಟಿ ಬೇರೂರಿದ ತಂಗಡಿಯನ್ನು ನೀರಿನ ಕೊರತೆ ಕೊಲ್ಲುವುದು ಕಡಿಮೆ, ನಿಂತ ನೀರು ಕೊಲ್ಲುವುದೇ ಹೆಚ್ಚು. ಎರೆಮಣ್ಣಿನ ಜಿಗುಟು ಕಣಗಳು ನೀರು ಕುಡಿದು ಉಬ್ಬಿದಾಗ ನಡುವಿನ ಸಂದುಗಳು ಮುಚ್ಚಿಕೊಂಡು, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಅಂಥ ಸ್ಥಿತಿ ಕೆಲವು ದಿನ ಮುಂದುವರಿದರೆ ಬೇರು ಕೊಳೆಯತೊಡಗುತ್ತದೆ. ಮಡುಗಟ್ಟಿದ ಹೊಲದಲ್ಲಿ ತೊಗರಿ ಏನಾಗುತ್ತದೆಂದು ಬಲ್ಲ ನಿಮ್ಮ ಭಾಗದ ಒಕ್ಕಲಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಯಲಿನಲ್ಲಿ ತಂಗಡಿ ಎಲ್ಲಿ ತಾನಾಗಿ ಬೆಳೆದಿದೆಯೆಂದು ಗಮನಿಸಿ ನೋಡಿ: ಗರಸಿನ, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನ ದಿಬ್ಬ, ರಸ್ತೆಯ ಏರಿ, ಕಲ್ಲುಗಣಿಯ ಅಂಚು, ಬೀದರಿನ ಕಡೆಯ ಜಂಬಿಟ್ಟಿಗೆಯ ಕೆಂಪು ನೆಲ, ಯಾದಗಿರಿಯ ಬೆಣಚುಕಲ್ಲು ಬೆರೆತ ಮಸಾರಿ. ಇವೆಲ್ಲವೂ ನೀರು ನಿಲ್ಲದೆ ಹರಿದುಹೋಗುವ ಜಾಗಗಳು.

ಆದ್ದರಿಂದ ಎರೆನೆಲದಲ್ಲಿ ಗುಂಡಿ ತೋಡಿ ನೆಡಬೇಡಿ, ದಿಬ್ಬ ಮಾಡಿ ನೆಡಿ. ಸುತ್ತಲಿನ ನೆಲಕ್ಕಿಂತ ಒಂದು, ಒಂದೂವರೆ ಅಡಿ ಎತ್ತರಕ್ಕೆ, 4 ಅಡಿ ಅಗಲಕ್ಕೆ, ಅರ್ಧ ನಿಮ್ಮ ಮಣ್ಣು ಮತ್ತು ಅರ್ಧ ಗರಸು ಬೆರೆಸಿದ ದಿಬ್ಬ ಸಾಕಾಗುತ್ತದೆ. ಎರೆಯಲ್ಲಿ ಗುಂಡಿ ತೋಡಿ ಅದಕ್ಕೆ ಮರಳು ತುಂಬುವ ರೂಢಿಯುಂಟು. ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು, ಏಕೆಂದರೆ ಸುತ್ತಲಿನ ನೀರೆಲ್ಲ ಹರಿದು ಆ ಗುಂಡಿಯಲ್ಲಿಯೇ ಸೇರಿ ನಿಲ್ಲುತ್ತದೆ.

ಹಳದಿ ಬಣ್ಣದ ಬಗ್ಗೆ ಒಂದು ಮಾತು. ಕೆಳಗಿನ ಹಳೆಯ ಎಲೆಗಳಿಂದ ಮೊದಲುಗೊಂಡು ಇಡೀ ಎಲೆ ಹಳದಿಯಾಗಿ ಉದುರಿದರೆ ಬೇರಿನಲ್ಲಿ ನೀರು ನಿಂತಿದೆಯೆಂದು ಶಂಕಿಸಬೇಕು. ಚಿಗುರೆಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳಿಚಿದರೆ, ಅದು ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದಿರುವುದರ ಗುರುತು. ಶಹಾಬಾದ್ ಕಲ್ಲು ಕೂಡ ಸುಣ್ಣದ ಕಲ್ಲೇ ಆದ್ದರಿಂದ, ಅದರ ಪುಡಿ ಮತ್ತು ಚೂರು ಸೇರಿದ ಅಂಗಳಗಳಲ್ಲಿ ಇದು ಅಚ್ಚರಿಯ ಸಂಗತಿಯಲ್ಲ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಒಂದು ಬುಟ್ಟಿ ಬೆರೆಸಿ ಕಾದು ನೋಡಿ.

ದಿನವೂ ನೀರು ಹಾಕುತ್ತೇವೆ, ಎರಡು ತಿಂಗಳಿಗೊಮ್ಮೆ ಯೂರಿಯಾ ಕೊಡುತ್ತೇವೆ. ಗಿಡ ಸೊಂಪಾಗಿದೆ, ಹೂವಿಲ್ಲ. (ಕಲಬುರಗಿ)

ಎರಡನ್ನೂ ನಿಲ್ಲಿಸಿ. ಮೊದಲ ವರ್ಷದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು, ಎರಡನೆಯ ಬೇಸಿಗೆಯಲ್ಲಿ ಎಲೆ ಜೋತಾಗ ಮಾತ್ರ, ಆ ಮೇಲೆ ಮಳೆಯೊಂದೇ ಸಾಕು. ದಿನದ ಬಿಸಿಲು ಪೂರ್ತಿಯಾಗಿ ಬೀಳದ ಜಾಗದಲ್ಲಿ ಗಿಡವಿದ್ದರೆ ಈ ಉತ್ತರದಿಂದಲೂ ಪ್ರಯೋಜನವಾಗದು.

ತಾರಸಿಯ ಕುಂಡದಲ್ಲಿ ಹೂ ರಾಶಿಯಾಗಿ ಬಿಡುತ್ತದೆ. ಜೇನುನೊಣ ಬರುತ್ತವೆ, ಆದರೆ ಕಾಯಿ ಕಟ್ಟುವುದೇ ಇಲ್ಲ. (ಯಾದಗಿರಿ)

ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಬಂದವರಿಗೆ ಸಿಗುವುದು ಪರಾಗ ಮಾತ್ರ, ಅದೂ ಸುಲಭವಾಗಿಯಲ್ಲ. ಹೂವಿನಲ್ಲಿ 10 ಕೇಸರಗಳಿದ್ದು, ಮೇಲಿನ 3 ಬಂಜೆಯಾಗಿರುತ್ತವೆ. ಉಳಿದವುಗಳ ಪರಾಗಕೋಶಗಳು ಬೇರೆ ಹೂಗಳಲ್ಲಿರುವಂತೆ ಉದ್ದಕ್ಕೆ ಸೀಳಿಕೊಳ್ಳದೆ ತುದಿಯ ಸಣ್ಣ ರಂಧ್ರದಿಂದ ಮಾತ್ರ ತೆರೆದುಕೊಳ್ಳುತ್ತವೆ. ಆ ರಂಧ್ರದಿಂದ ಪರಾಗ ಉದುರಬೇಕಾದರೆ ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಗುಂಯ್ಗುಡಿಸಿ ಕೇಸರಗಳನ್ನು ನಡುಗಿಸಬೇಕು. ಮರ ಕೊರೆಯುವ ದೊಡ್ಡ ಕಪ್ಪು ದುಂಬಿಗೆ ಈ ಕಲೆ ಗೊತ್ತು. ನಮ್ಮ ಜೇನುನೊಣಕ್ಕೆ ಗೊತ್ತಿಲ್ಲ, ಅದು ಚೆಲ್ಲಿದ್ದನ್ನು ಆಯ್ದುಕೊಂಡು ಹೋಗುತ್ತದೆ. ಆ ದುಂಬಿ ಒಣಮರದಲ್ಲಿ ತೂತು ಕೊರೆದು ಗೂಡು ಮಾಡುವುದರಿಂದ, ತಾರಸಿಯ ಮೂಲೆಯಲ್ಲಿ ಹಳೆಯ ತೊಲೆಯ ತುಂಡು ಅಥವಾ ಒಣಬಿದಿರನ್ನು ಬಿಟ್ಟಿರುವುದು ಒಳ್ಳೆಯದು. ಒಂದೇ ಕುಂಡದ ಬದಲು ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡು ಮೂರು ಗಿಡಗಳಿದ್ದರೆ ಕಾಯಿ ಕಟ್ಟುವ ಸಾಧ್ಯತೆ ಹೆಚ್ಚುತ್ತದೆ.

ಎಲೆಗಳನ್ನು ಹಸಿರು ಹುಳುಗಳು ಬೋಳಿಸಿವೆ. ಯಾವ ಔಷಧ ಸಿಂಪಡಿಸಲಿ? (ಹುಮನಾಬಾದ್)

ಯಾವುದನ್ನೂ ಬೇಡ. ಅವು ಬಹುಮಟ್ಟಿಗೆ ತಿಳಿಹಸಿರು ಛಾಯೆಯ ಬಿಳಿ ರೆಕ್ಕೆಯ ವಲಸೆ ಚಿಟ್ಟೆಗಳ ಮರಿಹುಳುಗಳು. ತಂಗಡಿ ಮತ್ತು ಅದರ ಬಳಗದ ಗಿಡಗಳೇ ಅವುಗಳ ಆಹಾರ. ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ಅಂಗೈಯಗಲದ ಎಳೆಸಸಿಯಾದರೆ ಹುಳುಗಳನ್ನು ಕೈಯಿಂದ ಎತ್ತಿ ದೊಡ್ಡ ಗಿಡಕ್ಕೆ ಬಿಡಿ.

ನರ್ಸರಿಯಲ್ಲಿ ಆವರಿಕೆಯೆಂದು ಕೊಟ್ಟ ಗಿಡದಲ್ಲಿ ಕಹಳೆಯಂಥ ಹಳದಿ ಹೂ ಬಿಟ್ಟಿದೆ. ಇದು ಅದೇ ಏನು? (ಬೀದರ್)

ಅಲ್ಲ. ನಿಮ್ಮದು ಅಮೆರಿಕ ಖಂಡದಿಂದ ಬಂದ ಟೆಕೋಮಾ ಇರಬೇಕು. ಅದರ ಎಲೆಯಂಚು ಗರಗಸದ ಹಲ್ಲಿನಂತಿರುತ್ತದೆ. ತಂಗಡಿಯ ಹೂವಿಗೆ ಬಿಡಿಬಿಡಿಯಾದ 5 ದಳಗಳಿದ್ದು, ಅಂಚು ಸ್ವಲ್ಪ ಸುಕ್ಕಾಗಿರುತ್ತದೆ. ಎಲೆಯ ದಂಟಿನ ಎರಡೂ ಕಡೆ ಜೋಡಿಜೋಡಿಯಾಗಿ ಕಿರುಎಲೆಗಳು, ಪ್ರತಿ ಜೋಡಿಯ ನಡುವೆ ಒಂದು ಪುಟ್ಟ ಗ್ರಂಥಿ, ದಂಟಿನ ಬುಡದಲ್ಲಿ ಅಗಲವಾದ, ಕಿವಿಯಾಕಾರದ, ಉದುರದೆ ಉಳಿಯುವ, ಎಲೆಯಂಥ ಎರಡು ಪುಟ್ಟ ಹಾಳೆಗಳು ಕಂಡರೆ ಅನುಮಾನಪಡಬೇಕಾಗಿಲ್ಲ. ಹೂವಿಲ್ಲದ ಕಾಲದಲ್ಲೂ ಈ ಗುರುತು ಸಾಕು.

ಬದುವಿನ ಮೇಲೆ ತಂಗಡಿ ಬೆಳೆಸಿದರೆ ಮಣ್ಣಿಗೆ ಸಾರಜನಕ ಸೇರುತ್ತದೆಯೇ? (ಶಹಾಪುರ)

ಕಾಯಿ ಬಿಡುವುದರಿಂದ ಇದು ತೊಗರಿಯ ಕುಟುಂಬಕ್ಕೇ ಸೇರಿದ್ದರೂ, ತೊಗರಿಯ ಬೇರಿನಲ್ಲಿ ಕಾಣುವ ಗಂಟುಗಳು ಇದರ ಬೇರಿನಲ್ಲಿರುವುದಿಲ್ಲ. ಹಾಗಾಗಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಲಾಭವನ್ನು ಇದರಿಂದ ನಿರೀಕ್ಷಿಸಬೇಡಿ. ಸೊಪ್ಪನ್ನು ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸುವ ರೂಢಿ ಹಳೆಯದು, ಅದನ್ನು ಮುಂದುವರಿಸಬಹುದು. ಬದುವಿನ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದರಲ್ಲಿಯೂ ಇದರ ಬೇರು ಗಟ್ಟಿ. ಸಾಲಿನಲ್ಲಿ ನೆಡುವುದಾದರೆ ಗಿಡದಿಂದ ಗಿಡಕ್ಕೆ 3 ಅಡಿ ಅಂತರ ಕೊಡಿ.

ನಮ್ಮ ಓಣಿಯಲ್ಲಿ ಹೂವಿನ ಹಬ್ಬವಾದ ಬತುಕಮ್ಮ ಆಡುವವರು ಪ್ರತಿವರ್ಷ ನಮ್ಮ ಗಿಡದ ಹೂವನ್ನು ಕೊಂಬೆಸಮೇತ ಮುರಿದೊಯ್ಯುತ್ತಾರೆ. ಗಿಡಕ್ಕೆ ಪೆಟ್ಟಾಗುವುದಿಲ್ಲವೇ? (ಗುರುಮಠಕಲ್)

ತೆಲಂಗಾಣವು ತನ್ನ ರಾಜ್ಯಪುಷ್ಪವೆಂದು ಆರಿಸಿಕೊಂಡಿರುವ ಈ ಹೂವಿಲ್ಲದೆ ಬತುಕಮ್ಮ ಆಗುವುದಿಲ್ಲ. ಕೊಡಲಾರೆವೆನ್ನುವುದು ನೆರೆಹೊರೆಗೆ ಚೆಂದವೂ ಅಲ್ಲ. ಹೂಗೊಂಚಲು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ ಗೇಣುದ್ದದ ತುದಿಗಳನ್ನು ಕೊಯ್ದರೆ ಗಿಡಕ್ಕೆ ಸವರಿದಷ್ಟೇ ಉಪಕಾರವಾಗುತ್ತದೆ, ಕೊಯ್ದ ಕಡೆ ಎರಡು ಮೂರು ಕವಲು ಒಡೆಯುತ್ತವೆ. ಪೆಟ್ಟಾಗುವುದು ಕೈಯಿಂದ ಜಗ್ಗಿ ಮುರಿದಾಗ, ಏಕೆಂದರೆ ಆಗ ತೊಗಟೆ ಕೆಳಗಿನವರೆಗೆ ಸುಲಿದು ಬರುತ್ತದೆ. ಹಬ್ಬ ಶುರುವಾಗುವ ಮಹಾಲಯ ಅಮಾವಾಸ್ಯೆಗೆ ಮುಂಚೆ ಹರಿತವಾದ ಒಂದು ಕತ್ತರಿಯನ್ನು ಗೇಟಿಗೆ ಕಟ್ಟಿ ಇಡಿ. ಹಬ್ಬ ಕಳೆದು ಕಾಯಿ ಬಲಿತ ಮೇಲೆ, ಬೀಜಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು, ಇಡೀ ಗಿಡವನ್ನು ಮೂರನೇ ಒಂದು ಪಾಲು ತಗ್ಗಿಸಿ. ಬೇಸಿಗೆಯ ನಡುವೆ ಮಾತ್ರ ಕತ್ತರಿ ಹಾಕಬೇಡಿ.