ಪೂಹೋಲ್ಸ್ ಸೋಮಾರಿ ಆಗಿದ್ದಲ್ಲ, ಕಾಲು ಕೈಕೊಟ್ಟಿದ್ದು

ಅಮೆರಿಕದ ಬೇಸ್‌ಬಾಲ್‌ನಲ್ಲಿ ದೊಡ್ಡ ಬ್ಯಾಟರ್ ಆಗಿದ್ದ ಆಲ್ಬರ್ಟ್ ಪೂಹೋಲ್ಸ್ ಆಟ, ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್ ಟೀಮ್ ಬಿಟ್ಟು ಏಂಜೆಲ್ಸ್ ಟೀಮ್‌ಗೆ ಹೋದ್ಮೇಲೆ ಇಳೀತಲ್ಲ, ದೊಡ್ಡ ದುಡ್ಡು ಸಿಕ್ಕಿದ್ಮೇಲೆ ಆಟದ ಮೇಲೆ ಆಸಕ್ತಿ ಕಳ್ಕೊಂಡ್ನಾ ಅಂತ ಕೇಳಿದೀರಲ್ಲ, ಇದನ್ನ ನಾನು ಖಂಡಿತ ಒಪ್ಪಲ್ಲ. 10 ವರ್ಷಕ್ಕೆ 24 ಕೋಟಿ ಡಾಲರ್ ಕಾಂಟ್ರಾಕ್ಟ್, ಅದು ನಿಜ. ಆದ್ರೆ ಸೈನ್ ಮಾಡೋ ಹೊತ್ತಿಗೇ ವಯಸ್ಸು 32ರ ಹತ್ರ, 2012ರ ಸೀಸನ್ ಮುಗೀತಿದ್ದಂಗೆ ಮಂಡಿ ಆಪರೇಷನ್, 2013ರಲ್ಲಿ ಎಡ ಅಂಗಾಲಿನ ನೋವು ಜಾಸ್ತಿಯಾಗಿ ಜುಲೈನಲ್ಲೇ ಸೀಸನ್ ಮುಗೀತು, ಆಮೇಲೆ ಬಲಗಾಲಿಗೂ ಆಪರೇಷನ್. ಬ್ಯಾಟ್ ಬೀಸೋ ಶಕ್ತಿ ಕಾಲಿಂದಾನೇ ಶುರುವಾಗೋದು, ಅದೇ ಹೋದ್ರೆ ಏನ್ ಮಾಡ್ತಾನೆ ಪಾಪ.

ಹೋಮ್ ರನ್ (ಬಾಲ್ ಮೈದಾನದಾಚೆ ಹೊಡೆಯೋದು) ಮಾತ್ರ ನೋಡ್ಬೇಡಿ, ವಾಕ್ (ನಾಲ್ಕು ಕೆಟ್ಟ ಬಾಲ್ ಬಿಟ್ಟು ಬೇಸ್‌ಗೆ ಹೋಗೋದು) ಮತ್ತೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್ ಆಗೋದು) ನೋಡಿ. ಕಾರ್ಡಿನಲ್ಸ್‌ನಲ್ಲಿದ್ದಾಗ 2009ರಲ್ಲಿ 115 ವಾಕ್, ಬರೀ 64 ಸ್ಟ್ರೈಕ್‌ಔಟ್, ಅಂಥ ಪವರ್ ಹಿಟರ್‌ಗೆ ಇದು ನಂಬಕ್ಕಾಗದ ಲೆಕ್ಕ. 2017ರಲ್ಲಿ 37 ವಾಕ್, 93 ಸ್ಟ್ರೈಕ್‌ಔಟ್. ಆ ವರ್ಷ 101 ಆರ್‌ಬಿಐ (ಅವನ ಬ್ಯಾಟಿಂಗ್‌ನಿಂದ ಟೀಮ್‌ಗೆ ಬಂದ ರನ್) ಇತ್ತಲ್ಲ ಅಂತಾರೆ, ಮುಂದೆ ಅದೇ ಟೀಮಿನ ಸ್ಟಾರ್ ಮೈಕ್ ಟ್ರೌಟ್ ತರದವ್ರು ಬೇಸ್ ಮೇಲಿದ್ರೆ ಅಷ್ಟು ಬರುತ್ತೆ, ಬ್ಯಾಟಿಂಗ್ ಆವರೇಜ್ ಇದ್ದಿದ್ದು .241, ಅಂದ್ರೆ ನಾಲ್ಕಕ್ಕೆ ಒಂದು ಹಿಟ್‌ಗಿಂತ ಸ್ವಲ್ಪ ಕಮ್ಮಿ. ಜೊತೆಗೆ ಎಡಗಡೆಗೇ ಹೊಡೀತಾನೆ ಅಂತ ಫೀಲ್ಡರ್‌ಗಳೆಲ್ಲ ಆ ಕಡೆ ನಿಲ್ಲೋರು, ಓಡಕ್ಕೂ ಆಗಲ್ಲ, ಹಾಗಾಗಿ ಗ್ರೌಂಡ್ ಬಾಲ್ ಹೋದ್ರೆ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್). ಹಾಗೆ ಅತಿ ಹೆಚ್ಚು ಸಲ ಆಗಿರೋದ್ರಲ್ಲಿ ಎಂಎಲ್‌ಬಿ (ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್) ರೆಕಾರ್ಡೇ ಅವನದು.

ಆಸಕ್ತಿ ಹೋಗಿದ್ರೆ 2021ರಲ್ಲಿ ಏಂಜೆಲ್ಸ್ ಕೈಬಿಟ್ಟಾಗ್ಲೇ ಮನೆಗೆ ಹೋಗ್ತಿದ್ದ. 42ನೇ ವಯಸ್ಸಲ್ಲಿ ಸೇಂಟ್ ಲೂಯಿಸ್‌ಗೆ ವಾಪಸ್ ಬಂದು, 24 ಹೋಮ್ ರನ್ ಹೊಡೆದು, ಒಟ್ಟು 703ಕ್ಕೆ ನಿಲ್ಲಿಸ್ದ. 2022ರ ಆ ಸೆಕೆಂಡ್ ಹಾಫ್ ವಿಡಿಯೋಗಳು ಸಿಕ್ಕಿದ್ರೆ ದಯವಿಟ್ಟು ನೋಡಿ.